ಕಂಡದ್ದನ್ನೇ ಮತ್ತೆ ಕಾಣುವುದು ಹೇಗೆ

ಚಿಕ್ಕಂದಿನಲ್ಲಿ ನಮ್ಮನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸುತ್ತಿದ್ದ ಸಂಗತಿಗಳು ಎಲ್ಲಿಗೂ ಹೋಗಿಲ್ಲ. ಇರುವೆಯ ಸಾಲು ಇಂದಿಗೂ ಹೊಸ್ತಿಲ ಅಂಚಿನಲ್ಲೇ ಸಾಗುತ್ತದೆ, ಒಗ್ಗರಣೆಯ ಸಾಸಿವೆ ಇಂದಿಗೂ ಸಿಡಿಯುತ್ತದೆ, ಮೊದಲ ಮಳೆಗೆ ಮಣ್ಣು ಇಂದಿಗೂ ಘಮ್ಮೆನ್ನುತ್ತದೆ. ಅವುಗಳ ಮುಂದೆ ನಿಲ್ಲುವುದನ್ನು ಬಿಟ್ಟವರು ನಾವು. ವಯಸ್ಸಾಯಿತು, ಇನ್ನು ಆ ಕಣ್ಣು ಬಾರದು ಎಂದು ಕೈಚೆಲ್ಲಿ ಕುಳಿತವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಬೆರಗು ತಾನಾಗಿ ಬಂದು ತಾನಾಗಿ ಹೋಗುವ ಮನಸ್ಸಿನ ಲಹರಿ ಮಾತ್ರವಲ್ಲ. ಕಣ್ಣು, ಕೈ ಮತ್ತು ಪ್ರಶ್ನೆ ಈ ಮೂರನ್ನೂ ಒಟ್ಟಿಗೆ ತೊಡಗಿಸಿದರೆ ಯಾವ ವಯಸ್ಸಿನಲ್ಲೂ ರೂಢಿಗೆ ತಂದುಕೊಳ್ಳಬಹುದಾದ ಅಭ್ಯಾಸವದು. ಆ ಅಭ್ಯಾಸವನ್ನು ಎಲ್ಲಿಂದ, ಹೇಗೆ ಆರಂಭಿಸಬೇಕೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಒಂದು ಸಣ್ಣ ಪರೀಕ್ಷೆಯನ್ನು ನೀವೇ ಮಾಡಿ ನೋಡಬೇಕು. ಬಿಳಿಯ ಹಾಳೆಯ ಮೇಲೆ ಪೆನ್ನಿನಿಂದ ಒಂದು ಕಪ್ಪು ಚುಕ್ಕೆಯಿಡಿ. ಅದರಿಂದ ನಾಲ್ಕೈದು ಬೆರಳಗಲ ದೂರದಲ್ಲಿ, ಒದ್ದೆ ಬೆರಳಿಗೆ ತುಸು ಅರಿಶಿನ ತಾಗಿಸಿ, ಅಂಚು ಎಲ್ಲಿ ಮುಗಿಯಿತೆಂದು ತಿಳಿಯದಷ್ಟು ಮಸುಕಾದ ಒಂದು ಮಚ್ಚೆಯನ್ನು ಹಚ್ಚಿ. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಒಂದು ಕಣ್ಣನ್ನು ಮುಚ್ಚಿ, ದೃಷ್ಟಿಯನ್ನು ಕದಲಿಸದೆ ಕಪ್ಪು ಚುಕ್ಕೆಯನ್ನೇ ಅರ್ಧ ನಿಮಿಷದಷ್ಟು ನೋಡುತ್ತಿದ್ದರೆ, ಪಕ್ಕದ ಹಳದಿ ಮಚ್ಚೆ ಮೆಲ್ಲಗೆ ತೆಳುವಾಗಿ, ಕೊನೆಗೆ ಅಲ್ಲಿ ಏನೂ ಇಲ್ಲವೆಂಬಂತೆ ಬಿಳಿಯಲ್ಲಿ ಕರಗಿಹೋಗುತ್ತದೆ. ಕಣ್ಣನ್ನು ಸ್ವಲ್ಪ ಅಲುಗಿಸಿದರೂ ಸಾಕು, ಮಚ್ಚೆ ಮರಳಿ ಬರುತ್ತದೆ. ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ 1804ರಲ್ಲಿ ಇದನ್ನು ಮೊದಲು ವಿವರಿಸಿದರು. ಬದಲಾಗದೆ ಒಂದೇ ಸಮನೆ ಇರುವುದನ್ನು ನಮ್ಮ ಕಣ್ಣು ಮತ್ತು ಮಿದುಳು ಲೆಕ್ಕದಿಂದ ಕೈಬಿಡುತ್ತವೆ. ಹೊಸದನ್ನು, ಚಲಿಸುವುದನ್ನು ಬೇಗ ಗುರುತಿಸುವುದಕ್ಕೆ ಅದು ಅಗತ್ಯವೂ ಹೌದು. ದಿನವೂ ನಡೆಯುವ ಬೀದಿ, ದಿನವೂ ಕೂರುವ ಜಗುಲಿ, ದಿನವೂ ಕಾಣುವ ಮುಖಗಳು ನಮ್ಮ ಪಾಲಿಗೆ ಮಸುಕಾಗುವುದರಲ್ಲೂ ಇಂಥದೇ ಒಂದು ಒಗ್ಗಿಹೋಗುವಿಕೆಯಿದೆ ಎಂದು ನನಗೆ ತೋರುತ್ತದೆ. ಹಾಗಿದ್ದರೆ ಉಪಾಯವೂ ಅಲ್ಲೇ ಇದೆ. ವಸ್ತುವನ್ನು ಬದಲಿಸಬೇಕಿಲ್ಲ, ಅದನ್ನು ನೋಡುವ ಜಾಗ, ಎತ್ತರ, ದೂರ ಅಥವಾ ಪ್ರಶ್ನೆಯನ್ನು ಬದಲಿಸಬೇಕು.

ಆರಂಭಕ್ಕೆ ಅಡುಗೆಮನೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ದೋಸೆ ಹುಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸುವುದು ನಮ್ಮಲ್ಲಿ ಎಲ್ಲರಿಗೂ ರೂಢಿ. ಅದನ್ನು ಒಂದು ಬೆಳಿಗ್ಗೆ ಅವಸರವಿಲ್ಲದೆ ಮಾಡಿ. ಕಬ್ಬಿಣದ ಕಾವಲಿಯನ್ನು ಒಲೆಯ ಮೇಲಿಟ್ಟು, ಕಾಯುತ್ತ ಹೋದಂತೆ ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಬೆರಳ ತುದಿಯಿಂದ ಒಂದೆರಡು ಹನಿ ನೀರು ಬಿಡಿ. ಮೊದಮೊದಲು ಹನಿ ಹರಡಿಕೊಂಡು ಸುಮ್ಮನೆ ಕೂರುತ್ತದೆ. ಇನ್ನಷ್ಟು ಕಾದ ಮೇಲೆ ಬಿದ್ದ ಹನಿ ಚುಯ್ ಎಂದು ಸದ್ದು ಮಾಡಿ ಕ್ಷಣಮಾತ್ರದಲ್ಲಿ ಆರಿಹೋಗುತ್ತದೆ. ಅದಕ್ಕೂ ಹೆಚ್ಚು ಕಾದಾಗ ಮಾತ್ರ, ಹನಿ ಇನ್ನೂ ಬೇಗ ಆರಬೇಕು ಎಂಬ ನಮ್ಮ ಎಣಿಕೆಯನ್ನು ಸುಳ್ಳು ಮಾಡಿ, ಗುಂಡಗಿನ ಗೋಲಿಯಾಗಿ ಕಾವಲಿಯ ಮೇಲೆಲ್ಲ ಓಡಾಡತೊಡಗುತ್ತದೆ, ಒಂದಕ್ಕೊಂದು ತಾಗಿ ಕೂಡಿಕೊಳ್ಳುತ್ತದೆ, ಅಂಚಿನವರೆಗೆ ಹೋಗಿ ಹಿಂದಿರುಗುತ್ತದೆ. ಹೆಚ್ಚು ಬಿಸಿಯಾದ ಕಾವಲಿಯ ಮೇಲೆ ನೀರು ಹೆಚ್ಚು ಹೊತ್ತು ಉಳಿಯುವುದೇಕೆ? ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಈ ಪ್ರಶ್ನೆಯ ಕುರಿತು ಬರೆದರು. ಲೋಹದ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಾಗ ಹನಿಯ ತಳಭಾಗ ಮುಟ್ಟಿದೊಡನೆ ಆವಿಯಾಗಿ, ಆ ಆವಿಯ ತೆಳುವಾದ ಪದರವೇ ಉಳಿದ ಹನಿಯನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ಆವಿಯ ಮೂಲಕ ಶಾಖ ಸುಲಭವಾಗಿ ಹರಿಯದ ಕಾರಣ ಹನಿ ಬಹಳ ಹೊತ್ತು ಬದುಕುತ್ತದೆ, ಕೆಳಗೆ ಹಿಡಿತವಿಲ್ಲದ ಕಾರಣ ಜಾರುತ್ತ ಓಡುತ್ತದೆ. ಹನಿ ಓಡತೊಡಗಿತೆಂದರೆ ಕಾವಲಿ ದೋಸೆಗೆ ಅತಿಯಾಗಿ ಕಾದಿದೆ, ಹಿಟ್ಟು ಹರಡದೆ ಸೌಟಿನ ಹಿಂದೆಯೇ ಎದ್ದು ಬರುತ್ತದೆ ಎಂಬುದು ನಮ್ಮ ತಾಯಂದಿರಿಗೆ ಯಾವ ಪುಸ್ತಕವಿಲ್ಲದೆ ತಿಳಿದಿತ್ತು. ಆಗ ಅವರು ಉರಿ ತಗ್ಗಿಸಿ, ಇನ್ನಷ್ಟು ನೀರು ಚಿಮುಕಿಸಿ, ಈರುಳ್ಳಿ ಹೋಳಿನಿಂದ ಒರೆಸುತ್ತಿದ್ದರು. ಈ ಪರೀಕ್ಷೆಯನ್ನು ನಾನ್‌ಸ್ಟಿಕ್ ಕಾವಲಿಯಲ್ಲಿ ಮಾಡಬಾರದು. ಬರಿದಾಗಿ ಅಷ್ಟು ಕಾಯಿಸಿದರೆ ಅದರ ಲೇಪ ಕೆಡುತ್ತದೆ.

ಕಾರಣ ತಿಳಿದ ಮೇಲೆ ಬೆರಗು ಹೋಗಿಬಿಡುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಈ ಮಾತು ಒಪ್ಪಿಗೆಯಾಗಿಲ್ಲ. ಆವಿಯ ಮೇಲೆ ತೇಲುತ್ತಿದೆ ಎಂದು ತಿಳಿದ ಮೇಲೆ ಆ ಹನಿಯ ಅಡಿಯಲ್ಲಿ ಬೆಳಕು ತೂರಿ ಬರುವಷ್ಟು ಸಂದಿಯಿದೆಯೇ ಎಂದು ಬಗ್ಗಿ ನೋಡುವ ಆಸೆ ಹುಟ್ಟುತ್ತದೆ, ಮಜ್ಜಿಗೆಯ ಹನಿ ಹೀಗೆಯೇ ಓಡುತ್ತದೆಯೇ ಎಂದು ನೋಡುವ ಆಸೆಯೂ ಹುಟ್ಟುತ್ತದೆ. ಒಂದು ಉತ್ತರದ ಬೆನ್ನಿಗೆ ಎರಡು ಪ್ರಶ್ನೆಗಳು ಬರುತ್ತವೆ. ಬೆರಗನ್ನು ಕೆಡಿಸುವುದು ಅರಿವಲ್ಲ, ತಾನು ಊಹಿಸುವ ಮೊದಲೇ ಬೇರೆಯವರಿಂದ ಪಡೆದ ಉತ್ತರ. ಆದ್ದರಿಂದ ಈ ಮಾರ್ಗದಲ್ಲಿ ನಾನು ಕಟ್ಟುನಿಟ್ಟಾಗಿ ಹೇಳುವ ನಿಯಮ ಒಂದೇ: ಪ್ರಶ್ನೆ ಹುಟ್ಟಿದ ಕೂಡಲೇ ಮೊಬೈಲ್ ತೆಗೆಯಬಾರದು. ಮೊದಲು ಪ್ರಶ್ನೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಅದರ ಕೆಳಗೆ ನಿಮಗೆ ತೋಚಿದ ಕಾರಣವನ್ನು ಬರೆಯಿರಿ, ಆ ಕಾರಣ ಸರಿಯೋ ಅಲ್ಲವೋ ಎಂದು ತಿಳಿಯಲು ಮನೆಯಲ್ಲಿರುವ ಸಾಮಾನಿನಿಂದ ಏನು ಮಾಡಬಹುದೆಂದು ಯೋಚಿಸಿ, ಅದನ್ನು ಮಾಡಿ ನೋಡಿ. ಇಷ್ಟಾದ ಮೇಲೆ, ಬೇಕಿದ್ದರೆ ಮರುದಿನ, ಹುಡುಕಿ ಓದಬಹುದು.

ಈ ಕ್ರಮಕ್ಕೆ ಒಗ್ಗಿಕೊಳ್ಳಲು ಅರಿಶಿನ ಮತ್ತು ಸುಣ್ಣ ಬಹಳ ಅನುಕೂಲ. ಆರತಿ ತಟ್ಟೆಯ ಕೆಂಪು ನೀರನ್ನು ನಾವೆಲ್ಲ ನೋಡಿದ್ದೇವೆ. ಒಂದು ಗಾಜಿನ ಲೋಟದಲ್ಲಿ ಅರಿಶಿನದ ನೀರನ್ನು ಕಲಸಿ, ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಅದರೊಳಗೆ ಅದ್ದಿ, ಕಣ್ಣನ್ನು ಲೋಟದ ಮಟ್ಟಕ್ಕೆ ಇಳಿಸಿ ನೋಡಿ. ಕಡ್ಡಿಯ ಸುತ್ತ ಹೊಗೆಯಂತೆ ಕೆಂಪು ಬಿಚ್ಚಿಕೊಂಡು, ಎಳೆಎಳೆಯಾಗಿ ಕೆಳಗಿಳಿದು, ಕದಡಿದರೆ ಇಡೀ ಲೋಟ ರಕ್ತವರ್ಣಕ್ಕೆ ತಿರುಗುತ್ತದೆ. ಈಗ ಅರ್ಧ ನಿಂಬೆಹಣ್ಣನ್ನು ಹಿಂಡಿದರೆ ನೀರು ಮತ್ತೆ ಹಳದಿಯಾಗುತ್ತದೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯ ಸುಣ್ಣದಂಥ ಕ್ಷಾರದಲ್ಲಿ ಕೆಂಪಾಗಿ, ಹುಳಿಯಲ್ಲಿ ಹಳದಿಯಾಗಿ ಕಾಣುತ್ತದೆ. ಇದನ್ನು ಓದುವ ಮೊದಲೇ ಊಹಿಸಬೇಕೆಂದಿದ್ದವರು, ಬಿಳಿ ಅಂಗಿಯ ಮೇಲೆ ಬಿದ್ದ ಸಾರಿನ ಹಳದಿ ಕಲೆ ಸೋಪು ತಾಗಿದಾಗ ಕೆಂಪಾಗುವುದೇಕೆ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ಎರಡೂ ಒಂದೇ ಸಂಗತಿಯೆಂದು ತಾವಾಗಿ ಕಂಡುಕೊಂಡಾಗ ಆಗುವ ಸಂತೋಷ ಎಂಟು ವರ್ಷದವರಿಗೂ ಎಂಬತ್ತು ವರ್ಷದವರಿಗೂ ಸಮಾನ.

ಮಗುವಿನ ಪ್ರಶ್ನೆಯನ್ನು ದೊಡ್ಡವರು ಕೊನೆಯವರೆಗೂ ಹಿಡಿದು ನಡೆದರೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಸರ್ ಸಿ. ವಿ. ರಾಮನ್ ಅವರ ಉದಾಹರಣೆ ನಮ್ಮ ಕಣ್ಣಮುಂದೆಯೇ ಇದೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುತ್ತಿದ್ದ ಅವರನ್ನು ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ತಡೆದು ನಿಲ್ಲಿಸಿತು. ಸಮುದ್ರದ ನೀಲಿ ಎಂದರೆ ಆಕಾಶದ ಪ್ರತಿಫಲನವಷ್ಟೇ ಎಂಬ ವಿವರಣೆ ಆಗ ಪ್ರಚಲಿತವಾಗಿತ್ತು, ಹೇಳಿದವರೂ ಸಾಮಾನ್ಯರಲ್ಲ, ಇಂಗ್ಲೆಂಡಿನ ಹೆಸರಾಂತ ಭೌತವಿಜ್ಞಾನಿ ಲಾರ್ಡ್ ರೇಲಿ. ರಾಮನ್ ಅವರು ತಮ್ಮ ಬಳಿಯಿದ್ದ ನಿಕಾಲ್ ಪಟ್ಟಕದ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಹಾಯಗೊಡುವ ಹರಳಿನ) ಮೂಲಕ, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಅಡಗಿಹೋಗುವ ಕೋನದಲ್ಲಿ ಸಮುದ್ರವನ್ನು ನೋಡಿದರು. ಪ್ರತಿಫಲನ ಅಡಗಿದರೂ ನೀಲಿ ಅಡಗಲಿಲ್ಲ, ಇನ್ನಷ್ಟು ಗಾಢವಾಗಿ ಕಂಡಿತು. ಎಂದರೆ ಆ ಬಣ್ಣಕ್ಕೆ ನೀರು ತಾನೇ ಕಾರಣವಾಗಿರಬೇಕು. ದ್ರವಗಳಲ್ಲಿ ಬೆಳಕು ಚದುರುವ ಬಗೆಯನ್ನು ಹಿಡಿದು ನಡೆದ ಆ ಹುಡುಕಾಟ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೂ (ವಸ್ತುವಿನಲ್ಲಿ ಚದುರಿದ ಬೆಳಕಿನ ಒಂದು ಸಣ್ಣ ಅಂಶ ಬಣ್ಣ ಬದಲಿಸಿಕೊಂಡು ಹೊರಬರುತ್ತದೆ ಎಂಬ ಶೋಧಕ್ಕೂ), 1930ರಲ್ಲಿ ನೊಬೆಲ್ ಪುರಸ್ಕಾರಕ್ಕೂ ತಲುಪಿತು. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಅವರು ಮುಪ್ಪಿನಲ್ಲಿಯೂ ಹೂವುಗಳ ಬಣ್ಣವನ್ನು ಅಷ್ಟೇ ಆಸಕ್ತಿಯಿಂದ ಅಭ್ಯಾಸ ಮಾಡುತ್ತಿದ್ದರು. ಅವರ ಕಿವಿಯೂ ಇಂಥದೇ ಆಗಿತ್ತು. ಸಾಮಾನ್ಯವಾಗಿ ಚರ್ಮವಾದ್ಯಗಳಿಂದ ಸ್ವರ ಹೊರಡುವುದಿಲ್ಲ, ಬರೀ ಸದ್ದು ಹೊರಡುತ್ತದೆ; ಮೃದಂಗದಿಂದ ಮಾತ್ರ ಶ್ರುತಿಗೆ ಸೇರುವ ನಾದ ಬರುವುದೇಕೆ ಎಂದು ಕೇಳಿ, ಬಲಮುಖದ ನಡುವೆ ಹಚ್ಚಿದ ಕಪ್ಪು ಕರಣೆಯ ಭಾರವೇ ಚರ್ಮದ ಕಂಪನಗಳನ್ನು ಸ್ವರಬದ್ಧವಾಗಿಸುತ್ತದೆ ಎಂದು ಅವರು ತೋರಿಸಿದರು. ಅವರ ಪಟ್ಟಕ ನಮ್ಮಲ್ಲಿಲ್ಲದಿದ್ದರೂ ಪ್ರತಿಫಲನದ ಹೊಳಪನ್ನು ತಗ್ಗಿಸುವ ಪೋಲರಾಯ್ಡ್ ಕನ್ನಡಕ ಹಲವರಲ್ಲಿದೆ. ಅದನ್ನು ಹಿಡಿದು ಊರ ಕೆರೆಯ ದಂಡೆಗೆ ಹೋಗಿ, ಗಾಜನ್ನು ಕಣ್ಣೆದುರು ಮೆಲ್ಲಗೆ ತಿರುಗಿಸುತ್ತ ನೀರನ್ನು ನೋಡಿದರೆ, ಒಂದು ಓರೆಯಲ್ಲಿ ಆಕಾಶದ ಹೊಳಪು ಅಳಿಸಿಹೋಗಿ ಅಡಿಯ ಪಾಚಿ, ಮೀನಿನ ಮರಿ ಕಾಣತೊಡಗುತ್ತವೆ.

ಅಡುಗೆಮನೆಯಿಂದ ಹೊರಗೆ ಬಂದಾಗ ಎತ್ತರವನ್ನು ಬದಲಿಸುವುದು ಎರಡನೆಯ ಉಪಾಯ. ಮಗುವಿನ ಕಣ್ಣು ನೆಲಕ್ಕೆ ಹತ್ತಿರವಿರುತ್ತದೆ, ನಮ್ಮದು ಐದು ಅಡಿ ಮೇಲಿರುತ್ತದೆ. ಅಂಗಳದಲ್ಲಿ ಚಾಪೆ ಹಾಸಿ ಬೋರಲಾಗಿ ಮಲಗಿದರೆ ಈ ಅಂತರ ಅಳಿಯುತ್ತದೆ. ಇರುವೆಯ ಸಾಲು ಸಿಕ್ಕರೆ ಅದರ ಪಕ್ಕದಲ್ಲೇ ಮಲಗಿ. ಎದುರುಬದುರಾದ ಎರಡು ಇರುವೆಗಳು ನಿಂತು, ಕುಡಿಮೀಸೆಗಳಿಂದ ಒಂದನ್ನೊಂದು ತಡವಿ, ಆಮೇಲೆ ತಮ್ಮ ತಮ್ಮ ದಾರಿ ಹಿಡಿಯುವುದು ಕಾಣುತ್ತದೆ. ಈಗ ಒದ್ದೆ ಬೆರಳಿನಿಂದ ಸಾಲಿಗೆ ಅಡ್ಡವಾಗಿ ನೆಲವನ್ನು ಒಮ್ಮೆ ಒರೆಸಿ. ನೆಲ ಸಪಾಟಾಗಿಯೇ ಇದೆ, ಯಾವ ತಡೆಯೂ ಇಲ್ಲ, ಆದರೂ ಮುಂದಿನ ಇರುವೆ ಆ ಗೆರೆಯ ಬಳಿ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಹಿಂದಿನವು ಬಂದು ಸೇರಿ, ಅತ್ತ ಇತ್ತ ಅಲೆಯುತ್ತವೆ, ಕೊನೆಗೆ ಅವುಗಳಲ್ಲಿ ಯಾವುದೋ ಒಂದು ಇರುವೆ ಗೆರೆಯನ್ನು ದಾಟಿ ಆಚೆಯ ದಾರಿಯನ್ನು ಹಿಡಿಯುತ್ತದೆ; ಅದರ ಹಿಂದೆ ಇನ್ನೊಂದು, ಆಮೇಲೆ ಸಾಲು ಮತ್ತೆ ಕೂಡಿಕೊಳ್ಳುತ್ತದೆ. ಇರುವೆಗಳು ತಮ್ಮ ದೇಹದಿಂದ ಒಸರುವ ವಾಸನೆಯ ದ್ರವ್ಯದಿಂದ ದಾರಿ ಬರೆಯುತ್ತವೆ, ನೀವು ಒರೆಸಿದ್ದು ಆ ಬರಹವನ್ನು. ಮಳೆಗೆ ಮೊದಲು ಅವು ಸಾಲಾಗಿ ಹೊತ್ತೊಯ್ಯುವ ಬಿಳಿಯ ಗುಂಡುಗಳನ್ನು ನಾವೆಲ್ಲ ಮೊಟ್ಟೆ ಎನ್ನುತ್ತೇವೆ. ಇರುವೆಯ ಮೊಟ್ಟೆ ಬಹಳ ಚಿಕ್ಕದು, ಬರಿಗಣ್ಣಿಗೆ ದಪ್ಪವಾಗಿ ಕಾಣುವುದು ಹೆಚ್ಚಿನ ಸಲ ಇರುವೆಯಾಗಿ ಇನ್ನೂ ರೂಪುಗೊಳ್ಳುತ್ತಿರುವ ಮರಿಗಳು. ಕೈಯಲ್ಲಿ ಭೂತಗನ್ನಡಿಯೊಂದಿದ್ದರೆ ಈ ಎಲ್ಲವೂ ಹತ್ತು ಪಟ್ಟು ಸೊಗಸು. ಫ್ಲ್ಯಾಟಿನಲ್ಲಿ ಇರುವವರು ಬಾಲ್ಕನಿಯ ಹೂಕುಂಡದಲ್ಲೂ ಇದನ್ನು ನೋಡಬಹುದು.

ನಡಿಗೆಯ ಬಗ್ಗೆ ಒಂದು ಮಾತು ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹಿರಿಯ ವಯಸ್ಸಿನವರ ಎರಡು ಗುಂಪುಗಳು ವಾರಕ್ಕೊಮ್ಮೆ 15 ನಿಮಿಷದಂತೆ 8 ವಾರ ನಡೆದವು. ಒಂದು ಗುಂಪಿಗೆ ಬರೀ ನಡೆಯಲು ಹೇಳಲಾಗಿತ್ತು, ಇನ್ನೊಂದಕ್ಕೆ ದಾರಿಯಲ್ಲಿ ಬೆರಗು ಹುಟ್ಟಿಸುವುದನ್ನು ಹುಡುಕಲು ಹೇಳಲಾಗಿತ್ತು. ಹುಡುಕುತ್ತ ನಡೆದವರಲ್ಲಿ ಕೃತಜ್ಞತೆ, ಅನುಕಂಪದಂಥ ಭಾವಗಳು ಹೆಚ್ಚಿದವು. ಅವರು ತೆಗೆದುಕೊಂಡ ಸೆಲ್ಫಿಗಳಲ್ಲಿ ವಾರ ಕಳೆದಂತೆ ಅವರ ಮುಖ ಆಕ್ರಮಿಸುವ ಜಾಗ ಚಿಕ್ಕದಾಗಿ, ಹಿಂದಿನ ನೋಟಕ್ಕೆ ಹೆಚ್ಚು ಜಾಗ ಸಿಕ್ಕಿತು, ಮುಖದ ನಗು ಮಾತ್ರ ಅಗಲವಾಯಿತು. ನಿಮ್ಮ ಬೆಳಗಿನ ವಾಕಿಂಗನ್ನು ಬಿಡಬೇಕಿಲ್ಲ. ವಾರದಲ್ಲಿ ಒಂದು ದಿನ ಹೆಜ್ಜೆಯ ಲೆಕ್ಕವನ್ನು ಮರೆತು, ಒಂದೇ ವಿಷಯವನ್ನು ಹಿಡಿದು ನಡೆಯಿರಿ. ಇವತ್ತು ಬರೀ ಮರದ ತೊಗಟೆಗಳು, ಮುಂದಿನ ವಾರ ಮನೆಗಳ ಮುಂದಿನ ರಂಗೋಲಿಗಳು, ಅದರ ಮುಂದಿನ ವಾರ ಕಣ್ಣಿಗೆ ಬೀಳದೆ ಕಿವಿಗೆ ಮಾತ್ರ ಬೀಳುವ ಹಕ್ಕಿಗಳು.

ಮಕ್ಕಳು ಮನೆಯಲ್ಲಿದ್ದರೆ ನಿಮಗೆ ಗುರುಗಳು ಸಿಕ್ಕಂತೆಯೇ ಸರಿ, ಆದರೆ ಅವರ ಪ್ರಶ್ನೆಗೆ ಪಾಠ ಒಪ್ಪಿಸುವ ಚಪಲವನ್ನು ತಡೆದುಕೊಳ್ಳಬೇಕು. ರಾತ್ರಿಯ ಬಸ್ಸಿನಲ್ಲಿ ಕಿಟಕಿಗೆ ಮೂಗು ಒತ್ತಿ ಕೂತ ಮೊಮ್ಮಗಳು, “ಅಜ್ಜಿ, ಚಂದಮಾಮ ಯಾಕೆ ನಮ್ಮ ಜೊತೆನೇ ಬರ್ತಿದಾನೆ?” ಎಂದು ಕೇಳುತ್ತಾಳೆಂದುಕೊಳ್ಳಿ. “ಸುಮ್ನೆ ಮಲ್ಕೋ” ಎಂದರೆ ಅಲ್ಲಿಗೆ ಮುಗಿಯಿತು. ಚಂದ್ರನ ದೂರವನ್ನು ಹೇಳಿದರೂ ಅಲ್ಲಿಗೇ ಮುಗಿಯುತ್ತದೆ. “ಹೌದಲ್ಲ ಪುಟ್ಟಿ! ಮತ್ತೆ ಈ ಲೈಟ್ ಕಂಬಗಳು ಯಾಕೆ ನಮ್ಮ ಜೊತೆ ಬರಲ್ಲ? ಆ ಬೆಟ್ಟ ನೋಡು, ಅದು ಬರುತ್ತಾ, ಇಲ್ವಾ?” ಎಂದು ಕೇಳಿದರೆ ಆಟ ಆರಂಭವಾಗುತ್ತದೆ. ಕಂಬ ಸರ್ರನೆ ಹಿಂದೆ ಹೋಗುತ್ತದೆ, ದೂರದ ತೆಂಗಿನ ತೋಟ ನಿಧಾನವಾಗಿ ಹೋಗುತ್ತದೆ, ಬೆಟ್ಟ ಬಹಳ ಹೊತ್ತು ಜೊತೆಗಿದ್ದು ಆಮೇಲೆ ಹಿಂದುಳಿಯುತ್ತದೆ. ದೂರವಿದ್ದಷ್ಟೂ ಹೆಚ್ಚು ಹೊತ್ತು ಜೊತೆಗಿರುತ್ತದೆ ಎಂದು ಆಕೆ ತಾನೇ ಹೇಳಿದ ಮೇಲೆ, ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ ಎಂಬ ಅಂಕೆಗೆ ಅರ್ಥ ಬರುತ್ತದೆ. ಆ ಪ್ರಶ್ನೆಯನ್ನು ಅಜ್ಜಿಯೂ ಒಂದು ಕಾಲಕ್ಕೆ ಕೇಳಿದ್ದವಳೇ. ಉತ್ತರವನ್ನು ಮೊಮ್ಮಗಳೊಡನೆ ಸೇರಿ ಹುಡುಕುವ ಭಾಗ್ಯ ಈಗ ಒದಗಿದೆ.

ಚಂದ್ರನ ಕುರಿತು ಇನ್ನೊಂದು ಪರೀಕ್ಷೆ. ಹುಣ್ಣಿಮೆಯ ಸಂಜೆ ಆತ ಬೆಟ್ಟದ ಅಥವಾ ಕಟ್ಟಡಗಳ ಅಂಚಿನಲ್ಲಿ ಮೇಲೇರುವಾಗ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಾನೆ, ನೆತ್ತಿಗೆ ಬಂದಾಗ ಚಿಕ್ಕವನಾಗಿ ಕಾಣುತ್ತಾನೆ. ಡಬ್ಬಿಯಿಂದ ಒಂದು ಕಾಳುಮೆಣಸನ್ನು ತೆಗೆದುಕೊಂಡು, ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಆ ಕಾಳಿನಿಂದ ಚಂದ್ರನನ್ನು ಮರೆಮಾಡಿ ನೋಡಿ. ಹೆಚ್ಚುಕಡಿಮೆ ಅಳತೆಗೆ ಸರಿಹೋಗುತ್ತದೆ. ನಡುರಾತ್ರಿ ಅದೇ ಕಾಳನ್ನು ಮತ್ತೆ ಹಿಡಿದರೆ ಆಗಲೂ ಅಷ್ಟೇ ಸರಿಹೋಗುತ್ತದೆ. ದೊಡ್ಡದಾದದ್ದು ಚಂದ್ರನಲ್ಲ, ನಮ್ಮ ಮನಸ್ಸು ಕಟ್ಟಿಕೊಂಡ ಅಳತೆ. ಇದು ತಿಳಿದ ಮೇಲೂ ಮುಂದಿನ ಹುಣ್ಣಿಮೆಗೆ ಆತ ದೊಡ್ಡವನಾಗಿಯೇ ಕಾಣುತ್ತಾನೆ ಎಂಬುದು ನನ್ನನ್ನು ಎಂದಿಗೂ ಬಿಡದ ಸೋಜಿಗ.

ನಮ್ಮ ರೈತರು ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಕರೆಯುತ್ತಾರೆ; “ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ” ಎಂಬ ಗಾದೆ ಬಾಯಿಂದ ಬಾಯಿಗೆ ಬಂದಿದೆ. ಸೂರ್ಯ ಆಯಾ ನಕ್ಷತ್ರದಲ್ಲಿ ಸಂಚರಿಸುವ 13–14 ದಿನಗಳ ಮಳೆಗೆ ಆ ಹೆಸರು. ಹಾಗಾದರೆ ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ರೋಹಿಣಿ ಮಳೆ ಬೀಳುವಾಗ ರೋಹಿಣಿ ನಕ್ಷತ್ರ ಆಕಾಶದಲ್ಲಿ ಎಲ್ಲಿರಬೇಕು ಎಂದು ಊಹಿಸಿ. ಅದು ಸೂರ್ಯನ ಪಕ್ಕದಲ್ಲೇ, ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ತನ್ನ ಹೆಸರಿನ ಮಳೆಯ ದಿನಗಳಲ್ಲಿ ಆ ನಕ್ಷತ್ರವನ್ನು ಕಾಣಲಾಗದು. ಅದನ್ನು ನೋಡಬೇಕಿದ್ದರೆ ಡಿಸೆಂಬರಿನ ಸಂಜೆಗಳಲ್ಲಿ ಪೂರ್ವಕ್ಕೆ ತಿರುಗಿ, ಕೃತ್ತಿಕೆಯ ಗೊಂಚಲಿಗಿಂತ ಕೆಳಗೆ ಕೆಂಚಗೆ ಹೊಳೆಯುವ ಚುಕ್ಕೆಯನ್ನು ಹುಡುಕಬೇಕು. ಅದು ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ಇಂದು ನಮ್ಮ ಕಣ್ಣಿಗೆ ತಾಗುವ ಬೆಳಕು ಅಲ್ಲಿಂದ ಹೊರಟಾಗ ಇಂದಿನ ಅಜ್ಜ ಅಜ್ಜಿಯರು ಇನ್ನೂ ಅಂಗಿ ಲಂಗದ ಮಕ್ಕಳಾಗಿದ್ದರು.

ಕೆಲವು ಅಡ್ಡಿಗಳಿವೆ. ಫೋಟೋ ತೆಗೆಯುವ ಆತುರ ಅವುಗಳಲ್ಲಿ ಮುಖ್ಯವಾದದ್ದು. ಮೊದಲು ಕಣ್ಣಿನಿಂದ ಪೂರ್ತಿ ನೋಡಿ, ಆಮೇಲೆ ಬೇಕಿದ್ದರೆ ಕ್ಯಾಮೆರಾ. ಅಂಗಳದಲ್ಲಿ ಬೋರಲಾಗಿ ಮಲಗಿದರೆ ಯಾರಾದರೂ ಏನೆಂದುಕೊಂಡಾರು ಎಂಬ ಸಂಕೋಚವಿದ್ದರೆ ಒಂದು ಮಗುವನ್ನು ಪಕ್ಕಕ್ಕೆ ಕರೆದುಕೊಳ್ಳಿ, ಯಾರೂ ಕೇಳುವುದಿಲ್ಲ. ದುಃಖದಲ್ಲಿ ಅಥವಾ ಕಾಯಿಲೆಯಲ್ಲಿ ಇರುವವರು ಇದನ್ನು ಹೊರೆಯಾಗಿ ಹೊತ್ತುಕೊಳ್ಳಬಾರದು. ಅಂಥ ದಿನಗಳಲ್ಲಿ ನೋಟ್‌ಬುಕ್ಕು ಮುಚ್ಚಿಯೇ ಇರಲಿ.

ಆರಂಭಕ್ಕೆ ಒಂದು ನಿಶ್ಚಿತ ದಿನ ಬೇಕೆನ್ನುವವರಿಗೆ ನೆರಳಿಲ್ಲದ ದಿನವನ್ನು ಸೂಚಿಸುತ್ತೇನೆ. ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಆದರೆ ಕರ್ನಾಟಕದ ಯಾವುದೇ ಊರಿನಲ್ಲಿ ಆತ ನಿಖರವಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತದೆ; ಉತ್ತರಕ್ಕೆ ಹೋದಂತೆ ಮೊದಲನೆಯದು ಮೇ ತಿಂಗಳ ಕಡೆಗೂ ಎರಡನೆಯದು ಆಗಸ್ಟಿನ ಆರಂಭದ ಕಡೆಗೂ ಸರಿಯುತ್ತದೆ. ದೆಹಲಿಯಲ್ಲಿ, ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಅಲ್ಲಿ ದೊರೆಯದು, ಕರ್ಕಾಟಕ ವೃತ್ತದಿಂದ ಉತ್ತರಕ್ಕೆ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ಊರಿಗೆ ಬರುವ ರಜೆಯನ್ನು ಈ ದಿನಕ್ಕೆ ಹೊಂದಿಸಿಕೊಂಡರೆ ಮಕ್ಕಳಿಗೆ ತೋರಿಸಬಹುದು. ಗಡಿಯಾರದ 12 ಗಂಟೆಗೆ ಇದು ಆಗುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲಿನಲ್ಲಾದರೆ ಸುಮಾರು 12 ಗಂಟೆ 17 ನಿಮಿಷಕ್ಕೆ, ಆಗಸ್ಟಿನಲ್ಲಾದರೆ ಸುಮಾರು 12 ಗಂಟೆ 24 ನಿಮಿಷಕ್ಕೆ. ನೇರ ಗೋಡೆಯ ಒಂದು ಸ್ಟೀಲ್ ಡಬ್ಬಿಯನ್ನು ತಾರಸಿಯ ಸಮತಟ್ಟಾದ ಜಾಗದಲ್ಲಿ ಬಿಳಿ ಹಾಳೆಯ ಮೇಲಿಟ್ಟು, ಹನ್ನೊಂದೂವರೆಯಿಂದಲೇ ಹತ್ತು ನಿಮಿಷಕ್ಕೊಮ್ಮೆ ನೆರಳಿನ ಅಂಚನ್ನು ಪೆನ್ಸಿಲ್ಲಿನಿಂದ ಗುರುತಿಸುತ್ತ ಬನ್ನಿ. ಬುಡದಿಂದ ಬಾಯಿಯವರೆಗೂ ಒಂದೇ ಅಗಲದ ಡಬ್ಬಿಯೇ ಆಗಬೇಕು, ಬಾಯಿ ಅಗಲವಾದ ಲೋಟ ಆಗದು. ಅಂದು ಮೋಡ ಕವಿದರೆ ನಿರಾಶರಾಗಬೇಕಿಲ್ಲ, ಹಿಂದಿನ ಮತ್ತು ಮುಂದಿನ ಒಂದೆರಡು ದಿನಗಳಲ್ಲಿಯೂ ನೆರಳು ಅಳೆಯಲಾಗದಷ್ಟು ಚಿಕ್ಕದಾಗಿಯೇ ಇರುತ್ತದೆ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು, ತಲೆಗೊಂದು ಟವೆಲ್ ಇರಲಿ.